ಮಾಗಡಿಯ ಮಳೆ, ರಾಮನಗರದ ನೆರೆ

2022ರ ಆಗಸ್ಟ್ 29, ಸೋಮವಾರ. ರಾತ್ರಿಯಿಡೀ ಸುರಿದ ಮಳೆಗೆ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರದ ಬಳಿ ಮುಳುಗಿತು. ಸಂಗಬಸವನದೊಡ್ಡಿಯ ಆಸುಪಾಸಿನಲ್ಲಿ ಬಸ್ಸು, ಕಾರುಗಳು ನೀರಿನ ನಡುವೆ ಸಿಕ್ಕಿಕೊಂಡವು. ಭಕ್ಷಿ ಕೆರೆಯ ನೀರು ಪಟ್ಟಣದ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಮೈಸೂರಿಗೆ ಹೋಗುವವರು ಕನಕಪುರದ ದಾರಿಯನ್ನೋ ಕುಣಿಗಲ್ ದಾರಿಯನ್ನೋ ಹಿಡಿಯಿರಿ ಎಂದು ಪೊಲೀಸರು ಕೇಳಿಕೊಂಡರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅಂದೇ ಬಂದು ಹಾನಿಯನ್ನು ನೋಡಿದರು. ಅದಕ್ಕೆ ಎರಡು ದಿನ ಮೊದಲು, 27ರಂದು, ಇದೇ ಹೆದ್ದಾರಿ ಒಮ್ಮೆ ಮುಳುಗಿ ಎದ್ದಿತ್ತು.

ಮಳೆ ಬರುತ್ತದೆಂದು ಯಾರೂ ಹೇಳಿರಲಿಲ್ಲವೇ? ಹೇಳಿದ್ದರು. ದಕ್ಷಿಣ ಒಳನಾಡಿನ ಜಿಲ್ಲೆಗಳಿಗೆ ಆ ದಿನಗಳಲ್ಲಿ ಮಳೆಯ ಎಚ್ಚರಿಕೆ ಇದ್ದೇ ಇತ್ತು. ಆದರೆ ಆ ಎಚ್ಚರಿಕೆ ಇಡೀ ಜಿಲ್ಲೆಗೆ ಕೊಟ್ಟದ್ದು, ಇಡೀ ದಿನಕ್ಕೆ ಕೊಟ್ಟದ್ದು. ರಾತ್ರಿ ಎರಡು ಗಂಟೆಗೆ ಯಾವ ಕೆರೆಯ ಕೋಡಿ ಮೇಲೆ ಎಷ್ಟು ಅಡಿ ನೀರು ಹರಿಯುತ್ತದೆ, ಅದು ಯಾವ ಹಳ್ಳಕ್ಕೆ ಬಿದ್ದು ಯಾವ ಕೆಳಸೇತುವೆಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಬೇರೆಯೇ ಲೆಕ್ಕ. ಮಳೆಯ ಅಂದಾಜು, ನೆರೆಯ ಅಂದಾಜು ಎರಡೂ ಒಂದೇ ಎಂದು ನಾವು ತಿಳಿದುಕೊಂಡಿದ್ದೇವೆ. ಮೊದಲನೆಯದಕ್ಕೆ ಆಕಾಶ ಗೊತ್ತಿದ್ದರೆ ಸಾಕು. ಎರಡನೆಯದಕ್ಕೆ ನೆಲವೂ ಗೊತ್ತಿರಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಂಥ ಸೀಮೆಯಲ್ಲಿ ನೆಲದ ಲೆಕ್ಕ ಅಂದರೆ ಬಂಡೆಯ ಲೆಕ್ಕ ಮತ್ತು ಕೆರೆಯ ಲೆಕ್ಕ.

ಬಂಡೆಯಿಂದ ಶುರು ಮಾಡೋಣ. ಈ ನಾಲ್ಕೂ ತಾಲ್ಲೂಕುಗಳ ಬೆಟ್ಟಗಳಿಗೆ ಆಧಾರ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಶಿಲೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಈ ಕಲ್ಲಿಗೂ ಬಂತು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆ ಕರ್ನಾಟಕದ ನಡುವೆ ಉತ್ತರ ದಕ್ಷಿಣವಾಗಿ ನಾನೂರು ಕಿಲೋಮೀಟರಿನಷ್ಟು ಉದ್ದದ ಪಟ್ಟಿಯಾಗಿ ಹಬ್ಬಿದೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಸಾವನದುರ್ಗ, ರಾಮದೇವರ ಬೆಟ್ಟ, ರೇವಣಸಿದ್ಧೇಶ್ವರ ಬೆಟ್ಟ, ಕಬ್ಬಾಳದುರ್ಗ ಎಲ್ಲವೂ ಇದೇ ವಂಶದವು. ನೋಡಲು ಚೆಂದ, ಹತ್ತಲು ಕಷ್ಟ, ನೀರಿನ ವಿಷಯಕ್ಕೆ ಬಂದರೆ ಬಹಳ ಜೋರು. ಬೋರಲು ಹಾಕಿದ ಕಡಾಯಿಯ ಮೇಲೆ ಕೊಡ ನೀರು ಸುರಿದಂತೆ, ಬಂಡೆಯ ಮೇಲೆ ಬಿದ್ದ ಮಳೆ ಅಲ್ಲಿ ಒಂದು ಕ್ಷಣವೂ ನಿಲ್ಲದೆ ಸುತ್ತಲೂ ಇಳಿದುಬಿಡುತ್ತದೆ. ತಪ್ಪಲಿನಲ್ಲಿ ಇರುವುದು ತೆಳ್ಳನೆಯ ಮರಳುಮಿಶ್ರಿತ ಕೆಮ್ಮಣ್ಣು. ಮೊದಲ ಮಳೆಯನ್ನು ಅದು ಕುಡಿಯುತ್ತದೆ. ಎರಡು ಮೂರು ದಿನ ಬಿಡದೆ ಹೊಯ್ದರೆ ಅದೂ ತುಂಬಿಹೋಗುತ್ತದೆ. ಆಮೇಲೆ ಬಿದ್ದ ಮಳೆಯಲ್ಲಿ ಬಹುಪಾಲು ಹಳ್ಳಕ್ಕೇ.

ಒಂದು ಚದರ ಕಿಲೋಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಹತ್ತು ಲಕ್ಷ ಲೀಟರ್ ನೀರು. ಹತ್ತು ಚದರ ಕಿಲೋಮೀಟರಿನ ಒಂದು ಸಣ್ಣ ಜಲಾನಯನದ ಮೇಲೆ ನೂರು ಮಿಲಿಮೀಟರ್ ಬಿದ್ದರೆ ನೂರು ಕೋಟಿ ಲೀಟರ್. ಅದರಲ್ಲಿ ಅರ್ಧವನ್ನು ಮಣ್ಣು, ಮರ, ಬದು, ಹೊಂಡಗಳು ಹಿಡಿದಿಟ್ಟುಕೊಂಡವು ಎಂದಿಟ್ಟುಕೊಳ್ಳಿ. ಉಳಿದ ಐವತ್ತು ಕೋಟಿ ಲೀಟರ್ ಒಂದೇ ಹಳ್ಳದಲ್ಲಿ ಇಳಿಯಬೇಕು. ದಿನಪೂರ್ತಿ ಇಳಿದರೆ ಹಳ್ಳ ತಡೆದುಕೊಳ್ಳುತ್ತದೆ. ಎರಡೇ ಗಂಟೆಯಲ್ಲಿ ಇಳಿದರೆ ದಂಡೆಯ ಮೇಲಿನ ತೋಟ, ಮನೆ, ರಸ್ತೆ ಎಲ್ಲವೂ ಹಳ್ಳದ್ದೇ ಆಗುತ್ತದೆ. ಕೃಷ್ಣೆ, ಭೀಮೆಯಂಥ ನದಿಗಳಲ್ಲಿ ನೆರೆ ಬರಲು ಒಂದೆರಡು ದಿನ ಹಿಡಿಯುತ್ತದೆ, ಮೇಲಿನ ಅಣೆಕಟ್ಟಿನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂದು ಕೇಳಿಕೊಂಡು ಊರು ಖಾಲಿ ಮಾಡಿಸಬಹುದು. ನಮ್ಮ ಬೆಟ್ಟದ ತಪ್ಪಲಿನಲ್ಲಿ ಮಳೆ ಬಿದ್ದದ್ದಕ್ಕೂ ನೀರು ಬಾಗಿಲಿಗೆ ಬಂದದ್ದಕ್ಕೂ ನಡುವೆ ಒಂದೆರಡು ಗಂಟೆ ಸಿಕ್ಕರೆ ಹೆಚ್ಚು. ದಿಢೀರ್ ಪ್ರವಾಹ ಎನ್ನುವುದು ಇದನ್ನೇ.

ಹಾಗಾಗಿ ದಿನದ ಮಳೆಯ ಅಂಕಿ ಓದುವಾಗ ಎಚ್ಚರ ಬೇಕು. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ಭಾನುವಾರ ರಾತ್ರಿ ಬಿದ್ದ ಮಳೆ ಸೋಮವಾರದ ಖಾತೆಗೆ ಹೋಗುತ್ತದೆ. ಈ 24 ಗಂಟೆಗಳಲ್ಲಿ 64.5 ಮಿ.ಮೀ.ಗೆ ಮುಟ್ಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ಅಥವಾ ಅದಕ್ಕೂ ಹೆಚ್ಚಾದರೆ ಅತ್ಯಂತ ಭಾರಿ ಎಂದು ಇಲಾಖೆ ವಿಂಗಡಿಸಿದೆ. ಒಂದು ಊರಿನಲ್ಲಿ 70 ಮಿ.ಮೀ. ದಿನವಿಡೀ ಜಿನುಗಿದರೆ ರಾಗಿ ಪೈರಿಗೆ ಹಬ್ಬ. ಅದೇ 70 ಮಿ.ಮೀ. ಒಂದೂವರೆ ಗಂಟೆಯಲ್ಲಿ ಸಾವನದುರ್ಗದ ಮೇಲೆ ಬಿದ್ದರೆ ಕೆಳಗಿನ ಹಳ್ಳಿಗೆ ಗಂಡಾಂತರ. ಪುಸ್ತಕದಲ್ಲಿ ಎರಡೂ ಭಾರಿ ಮಳೆಯೇ.

ಜಿಲ್ಲಾ ಸರಾಸರಿ ಎಂಬುದು ಇನ್ನೂ ಹೆಚ್ಚು ಮರೆಮಾಚುತ್ತದೆ. ಹತ್ತು ಹೋಬಳಿಗಳಲ್ಲಿ ಎಂಟಕ್ಕೆ ಐದೈದು ಮಿ.ಮೀ. ಬಿದ್ದು ಎರಡಕ್ಕೆ ನೂರು ನೂರು ಬಿದ್ದರೆ ಸರಾಸರಿ 24. ಪತ್ರಿಕೆಯಲ್ಲಿ 24 ಎಂದು ಓದಿದವರಿಗೆ ಒಳ್ಳೆಯ ಹದ ಮಳೆ ಅನ್ನಿಸುತ್ತದೆ. ಆ ಎರಡು ಹೋಬಳಿಗಳಲ್ಲಿ ಆಗಲೇ ಕೆರೆ ಒಡೆದಿರಬಹುದು.

ಈ ವಿಷಯದಲ್ಲಿ ಕರ್ನಾಟಕ ದೇಶದ ಬಹುತೇಕ ರಾಜ್ಯಗಳಿಗಿಂತ ಮುಂದಿದೆ, ಅದನ್ನು ಹೆಮ್ಮೆಯಿಂದಲೇ ಹೇಳಬೇಕು. ಬರಗಾಲದ ಮೇಲೆ ನಿಗಾ ಇಡಲೆಂದು 1988ರಲ್ಲಿ ಒಂದು ಸಣ್ಣ ಘಟಕ ಹುಟ್ಟಿತು. ಅದೇ ಬೆಳೆದು ಇಂದು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಅದು ನಿಲ್ಲಿಸಿದೆ. ಸೌರಶಕ್ತಿಯಿಂದ ನಡೆಯುವ ಈ ಯಂತ್ರಗಳು ಮೊಬೈಲ್ ಜಾಲದ ಮೂಲಕ ಪ್ರತಿ 15 ನಿಮಿಷಕ್ಕೊಮ್ಮೆ ಮಳೆಯ ಅಳತೆಯನ್ನು ತಾವೇ ಕಳಿಸುತ್ತವೆ. ಹೋಬಳಿ ಮಟ್ಟದಲ್ಲಿ ಗಾಳಿ, ಉಷ್ಣತೆ, ತೇವಾಂಶ ಅಳೆಯುವ ಕೇಂದ್ರಗಳೂ ಇವೆ. ರೈತರು ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ತಮ್ಮ ಹೋಬಳಿಯ ಮಳೆ ಕೇಳಬಹುದಾದ ‘ವರುಣಮಿತ್ರ’ ಸಹಾಯವಾಣಿಯೂ ಇದೇ ಕೇಂದ್ರದ್ದು. ಹದಿನೈದು ನಿಮಿಷದ ಅಳತೆ ಇದೆಯೆಂದರೆ ದಿನದ ಒಟ್ಟು ಮೊತ್ತದಲ್ಲಿ ಅಡಗುವ ಜೋರು ಬೆಳಕಿಗೆ ಬರುತ್ತದೆ. ದಿಢೀರ್ ನೆರೆಯ ಮುನ್ಸೂಚನೆಗೆ ಬೇಕಾದ ಮೊದಲ ಸಾಮಗ್ರಿ ಇದು, ಅದು ನಮ್ಮ ಪಂಚಾಯಿತಿ ಕಚೇರಿಯ ಮಗ್ಗುಲಲ್ಲೇ ನಿಂತಿದೆ.

ಇನ್ನು ಮಳೆಯನ್ನು ಮುಂಚೆಯೇ ಹೇಳುವ ಮಾತು. ಇಲ್ಲಿಯ ಮಳೆಯ ಸ್ವಭಾವವೇ ಮುನ್ಸೂಚನೆಗೆ ಕಷ್ಟ ಕೊಡುವಂಥದ್ದು. ಮಲೆನಾಡಿಗೆ ಜೂನ್, ಜುಲೈಯಲ್ಲಿ ಬರುವ ಮಳೆ ಅರಬ್ಬಿ ಸಮುದ್ರದಿಂದ ಬೀಸುವ ಗಾಳಿಯದು. ಘಟ್ಟ ಅದನ್ನು ತಡೆದು ಇಳಿಸಿಕೊಳ್ಳುತ್ತದೆ, ಮರೆಯಲ್ಲಿರುವ ನಮಗೆ ಮೋಡ ಮತ್ತು ಗಾಳಿಯಷ್ಟೇ ಉಳಿಯುತ್ತವೆ. ಹಳೆ ಮೈಸೂರು ಸೀಮೆಯ ಈ ಭಾಗಕ್ಕೆ ನಿಜವಾದ ಮಳೆ ಬರುವುದು ಎರಡು ಸಲ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಒಮ್ಮೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಇನ್ನೊಮ್ಮೆ. ಉತ್ತರ ಭಾರತದಲ್ಲಿ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿದಾಗ ದೇಶದ ನಡುಭಾಗಕ್ಕೆ ಮಳೆ ತಪ್ಪಿ, ನಮ್ಮ ಒಳನಾಡಿನಲ್ಲಿ ಸಂಜೆಯ ಗುಡುಗು ಮಳೆ ಹೆಚ್ಚುವುದುಂಟು. ಬಂಗಾಳ ಕೊಲ್ಲಿಯಲ್ಲಿ ಸುಳಿಗಾಳಿ ಎದ್ದರೂ ಅದರ ಪಾಲು ನಮಗಿದೆ. ನಮ್ಮ ರೈತರ ಮಳೆ ನಕ್ಷತ್ರಗಳ ಪಂಚಾಂಗ ಈ ಲಯವನ್ನು ಚೆನ್ನಾಗಿ ಬಲ್ಲದು. ಆ 2022ರ ಮಳೆ ಹೊಯ್ದದ್ದು ಮಖೆ ಮುಗಿದು ಹುಬ್ಬೆ ಹುಟ್ಟುವ ಸಂಧಿಯಲ್ಲಿ. ಆದರೆ ಹದಿಮೂರು, ಹದಿನಾಲ್ಕು ದಿನದ ಒಂದು ನಕ್ಷತ್ರ ಯಾವ ಕಾಲದಲ್ಲಿ ಎಂಥ ಮಳೆ ವಾಡಿಕೆ ಎಂದು ಹೇಳಬಲ್ಲದೇ ಹೊರತು ಇವತ್ತು ರಾತ್ರಿ ಎಲ್ಲಿ ಎಂದು ಹೇಳಲಾರದು.

ಗುಡುಗು ಮಳೆಯ ಒಂದು ಮೋಡಗೂಡಿನ ಅಗಲ ಐದು, ಹತ್ತು ಕಿಲೋಮೀಟರ್. ಅದರ ಆಯುಸ್ಸು ಒಂದೆರಡು ಗಂಟೆ. ಕೂಟಗಲ್ಲಿನಲ್ಲಿ ಹೊಯ್ದ ಮಳೆ ಬಿಡದಿಯಲ್ಲಿ ಇಲ್ಲದಿರುವುದು ಇಲ್ಲಿ ಎಲ್ಲರೂ ಕಂಡದ್ದೇ. ಕಂಪ್ಯೂಟರ್ ಮಾದರಿಗಳು ವಾತಾವರಣವನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಮಾಡುತ್ತವೆ. ದೇಶದ ಮುಖ್ಯ ಮಾದರಿಯ ಚೌಕ ಇತ್ತೀಚಿನವರೆಗೆ 12 ಕಿಲೋಮೀಟರಿನದಾಗಿತ್ತು. ಇಡೀ ಮೋಡವೇ ಒಂದು ಚೌಕದೊಳಗೆ ಕಳೆದುಹೋಗುವಷ್ಟು ಅಗಲ. 2025ರ ಮೇ 26ರಂದು ಬಳಕೆಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಅದು 6 ಕಿಲೋಮೀಟರಿಗೆ ಇಳಿಯಿತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಮಾದರಿ ಇದು. ಪಂಚಾಯಿತಿ ಮಟ್ಟದ ಮುನ್ಸೂಚನೆ ಎಂಬ ಮಾತಿಗೆ ಈಗ ಸ್ವಲ್ಪ ಅರ್ಥ ಬಂದಿದೆ. ಆದರೂ ನಾಳೆ ಸಂಜೆಯ ಮೋಡ ಮಾಗಡಿಯ ಮೇಲೋ ಕುದೂರಿನ ಮೇಲೋ ಎಂದು ಇಂದು ಹೇಳಿಬಿಡುವ ಶಕ್ತಿ ಯಾವ ಮಾದರಿಗೂ ಇಲ್ಲ. ಆರಂಭದ ಅಳತೆಯಲ್ಲಿ ಇರುವ ಸಣ್ಣ ವ್ಯತ್ಯಾಸ ಗಂಟೆ ಕಳೆದಂತೆ ಹಿಗ್ಗುವುದು ವಾತಾವರಣದ ಗುಣ. ಆದ್ದರಿಂದಲೇ ವಿಜ್ಞಾನಿಗಳು ಒಂದೇ ಮಾದರಿಯನ್ನು ಆರಂಭದ ಸ್ಥಿತಿ ಚೂರು ಚೂರು ಬದಲಿಸಿ ಹಲವು ಸಲ ಓಡಿಸುತ್ತಾರೆ, ಅವುಗಳಲ್ಲಿ ಎಷ್ಟು ಪಾಲು ಭಾರಿ ಮಳೆ ತೋರಿಸುತ್ತವೆ ಎಂದು ಎಣಿಸಿ ಸಾಧ್ಯತೆಯನ್ನು ಹೇಳುತ್ತಾರೆ.

ದಿನದ ಬುಲೆಟಿನ್‌ನ ಪದಗಳಿಗೂ ಅಳತೆ ಇದೆ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡ 25ರಷ್ಟಕ್ಕೆ ಮೀರದೆ ಮಳೆ. ‘ಕೆಲವೆಡೆ’ ಅಂದರೆ ಶೇಕಡ 26ರಿಂದ 50, ‘ಹಲವೆಡೆ’ ಅಂದರೆ 51ರಿಂದ 75, ಅದಕ್ಕೂ ಮೇಲಾದರೆ ‘ಬಹುತೇಕ ಎಲ್ಲೆಡೆ’. ‘ಜಿಲ್ಲೆಯ ಒಂದೆರಡು ಕಡೆ ಭಾರಿ ಮಳೆ’ ಎಂಬ ಸಾಲು ಓದಿದಾಗ ನಾಲ್ಕರಲ್ಲಿ ಮೂರು ಊರಿನವರಿಗೆ ಭಾರಿ ಮಳೆ ಕಾಣುವುದಿಲ್ಲ ಎಂಬುದು ಆ ಸಾಲಿನೊಳಗೇ ಇದೆ. ಅವರು ಇಲಾಖೆಯನ್ನು ಬೈಯುತ್ತಾರೆ. ಉಳಿದ ಒಂದು ಊರು ಮುಳುಗುತ್ತದೆ, ಅವರೂ ಬೈಯುತ್ತಾರೆ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಈಗಲೇ ಕ್ರಮ ಕೈಗೊಳ್ಳಿ ಎಂದು ಬಣ್ಣಗಳ ಅರ್ಥ. ಶಾಲೆಗೆ ರಜೆಯೋ ಅಲ್ಲವೋ ಎಂಬುದಕ್ಕೆ ಮಾತ್ರ ಈ ಬಣ್ಣಗಳನ್ನು ನೋಡುವುದು ರೂಢಿಯಾಗಿರುವುದು ನನಗೆ ದುಃಖದ ಸಂಗತಿ. ಅಂದಹಾಗೆ, 2007ರ ಆಗಸ್ಟ್‌ನಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿತು. ಬುಲೆಟಿನ್ ನೋಡುವಾಗ ಎರಡೂ ಹೆಸರುಗಳ ಮೇಲೆ ಕಣ್ಣಿರಲಿ.

ಮೋಡ ಹುಟ್ಟಿದ ಮೇಲೆ ಅದನ್ನು ಹಿಂಬಾಲಿಸಲು ರಾಡಾರ್ ಬೇಕು. ಮುಂದಿನ ಮೂರು ಗಂಟೆಯ ತಕ್ಷಣದ ಮುನ್ಸೂಚನೆ ನಿಂತಿರುವುದೇ ಅದರ ಮೇಲೆ. ಚೆನ್ನೈನ ಡಾಪ್ಲರ್ ರಾಡಾರ್ ರಾಮನಗರದಿಂದ ಮುನ್ನೂರು ಕಿಲೋಮೀಟರಿಗೂ ದೂರ. ಭೂಮಿ ದುಂಡಗಿರುವುದರಿಂದ ಅಷ್ಟು ದೂರ ಬರುವ ಹೊತ್ತಿಗೆ ರಾಡಾರಿನ ಕಿರಣ ನೆಲದಿಂದ ಏಳೆಂಟು ಕಿಲೋಮೀಟರ್ ಮೇಲೇರಿರುತ್ತದೆ. ಎತ್ತರದ ಗುಡುಗು ಮೋಡದ ನೆತ್ತಿ ಅದಕ್ಕೆ ಕಾಣಬಹುದು, ಮಳೆ ಸುರಿಸುತ್ತಿರುವ ಹೊಟ್ಟೆ ಕಾಣುವುದಿಲ್ಲ. ಬೆಂಗಳೂರಿಗೆ ಸ್ವಂತ ಡಾಪ್ಲರ್ ರಾಡಾರ್ ಬೇಕೆಂಬ ಒತ್ತಾಯ ಇಂದಿನದಲ್ಲ. ದೇಶದಲ್ಲಿ ರಾಡಾರ್ ಜಾಲ ಹಿಗ್ಗಿಸಲು 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 2,000 ಕೋಟಿ ರೂಪಾಯಿಗಳ ‘ಮಿಷನ್ ಮೌಸಮ್’ಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ರಾಡಾರ್ ಎಂದು ಜನ ಕರೆಯುವುದು ರಾಮನಗರ, ಮಾಗಡಿ, ಕನಕಪುರಗಳ ರಾಡಾರ್ ಕೂಡ ಹೌದು. ನಮ್ಮ ಜನಪ್ರತಿನಿಧಿಗಳು ಅದನ್ನು ರಾಜಧಾನಿಯ ಬೇಡಿಕೆ ಎಂದು ಬಿಟ್ಟುಬಿಡಬಾರದು.

ದಿಢೀರ್ ನೆರೆಗೆಂದೇ ಒಂದು ವ್ಯವಸ್ಥೆ ಈಗಾಗಲೇ ಇದೆ. 2020ರ ಅಕ್ಟೋಬರ್ 23ರಂದು ದಕ್ಷಿಣ ಏಷ್ಯಾದ ದಿಢೀರ್ ಪ್ರವಾಹ ಮಾರ್ಗದರ್ಶಿ ವ್ಯವಸ್ಥೆಗೆ ಚಾಲನೆ ಸಿಕ್ಕಿತು. ವಿಶ್ವ ಹವಾಮಾನ ಸಂಸ್ಥೆಯ ನೆರವಿನಿಂದ ಕಟ್ಟಿದ ಇದಕ್ಕೆ ಭಾರತದ ಹವಾಮಾನ ಇಲಾಖೆಯೇ ಪ್ರಾದೇಶಿಕ ಕೇಂದ್ರ. ಬಾಂಗ್ಲಾದೇಶ, ಭೂತಾನ್, ನೇಪಾಳ, ಶ್ರೀಲಂಕಾಗಳಿಗೂ ಅದು ಸೇವೆ ಕೊಡುತ್ತದೆ. ಇದರ ಯೋಚನೆ ನನಗೆ ಬಹಳ ಮೆಚ್ಚುಗೆಯಾದದ್ದು. ಎಷ್ಟು ಮಳೆ ಬರುತ್ತದೆ ಎಂಬ ಪ್ರಶ್ನೆಗಿಂತ ಮೊದಲು, ಈ ಸಣ್ಣ ಜಲಾನಯನದ ಮಣ್ಣು ಈಗ ಎಷ್ಟು ನೆನೆದಿದೆ, ಇನ್ನು ಎಷ್ಟು ಮಿಲಿಮೀಟರ್ ಬಿದ್ದರೆ ಇದರ ಹಳ್ಳ ದಂಡೆ ಮೀರುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಆ ಅಂಕಿಯ ಪಕ್ಕದಲ್ಲಿ ಬರಲಿರುವ ಮಳೆಯನ್ನು ಇಟ್ಟು ನೋಡಿ, ಮುಂದಿನ ಆರು ಗಂಟೆಗೆ ಅಪಾಯವನ್ನೂ 24 ಗಂಟೆಗೆ ಸೂಚನೆಯನ್ನೂ ಕೊಡುತ್ತದೆ. ಒಣಗಿದ ನೆಲಕ್ಕೆ 90 ಮಿ.ಮೀ. ಬಿದ್ದರೂ ನೆರೆಯಿಲ್ಲ, ನೆನೆದ ನೆಲಕ್ಕೆ 40 ಬಿದ್ದರೂ ನೆರೆ ಎಂಬ ವ್ಯತ್ಯಾಸವನ್ನು ಅದು ಹಿಡಿಯಬಲ್ಲದು. 2022ರಲ್ಲಿ ಆದದ್ದೂ ಇದೇ. ಆ ವರ್ಷ ಮೇ ತಿಂಗಳಿಂದಲೇ ಮಳೆ ಧಾರಾಳವಾಗಿತ್ತು, ಆಗಸ್ಟ್ ಕೊನೆಗೆ ನೆಲ ಇನ್ನು ಕುಡಿಯುವ ಸ್ಥಿತಿಯಲ್ಲಿ ಇರಲಿಲ್ಲ.

ಆದರೆ ಉಪಗ್ರಹ ಮತ್ತು ಮಾದರಿಗಳ ಮೂಲಕ ದೇಶವಿಡೀ ನೋಡುವ ವ್ಯವಸ್ಥೆಗೆ ನಮ್ಮೂರ ಕೆರೆಯ ಏರಿ ಎಷ್ಟು ಗಟ್ಟಿ, ಕೋಡಿಯ ಬಾಯಿಗೆ ಯಾರು ಮಣ್ಣು ಹಾಕಿದ್ದಾರೆ, ತೂಬು ಎತ್ತಲು ಬರುತ್ತದೆಯೋ ತುಕ್ಕು ಹಿಡಿದು ಕೂತಿದೆಯೋ ಎಂಬುದು ಕಾಣುವುದಿಲ್ಲ. ನಮ್ಮ ಸೀಮೆಯಲ್ಲಿ ನೆರೆ ಯಾವಾಗ ಬರುತ್ತದೆಂದು ತೀರ್ಮಾನ ಮಾಡುವುದು ಇವೇ.

ಇಲ್ಲಿಯ ಕೆರೆಗಳು ಒಂಟಿಯಲ್ಲ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಮುಂದಿನದಕ್ಕೆ ಎಂದು ಬೆಟ್ಟದ ಬುಡದಿಂದ ಹೊಳೆಯವರೆಗೆ ಸರಪಳಿಯಾಗಿ ಕಟ್ಟಿದವು. ಮಳೆ ಕಡಿಮೆ ಇರುವ ನಾಡಿನಲ್ಲಿ ಹನಿಯನ್ನೂ ಬಿಡದೆ ಹಿಡಿಯುವ ಜಾಣ್ಮೆ ಅದು, ನೆರೆಯ ವೇಗ ಮುರಿಯುವ ಜಾಣ್ಮೆಯೂ ಹೌದು. ಖಾಲಿ ಕೆರೆ ದೊಡ್ಡ ಮಳೆಯನ್ನು ನುಂಗಿಕೊಳ್ಳುತ್ತದೆ. ತುಂಬಿದ ಕೆರೆ ಬಂದ ನೀರನ್ನೆಲ್ಲ ಕೋಡಿಯ ಮೇಲೆ ಕಳಿಸುತ್ತದೆ. ಕೋಡಿ ಮುಚ್ಚಿಹೋಗಿದ್ದರೆ ನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿ ಒಮ್ಮೆ ಮೇಲಿಂದ ಕೊರೆದುಕೊಳ್ಳಲು ಶುರುವಾದರೆ ನಿಲ್ಲಿಸುವವರಿಲ್ಲ. ಮೇಲಿನ ಒಂದು ಕೆರೆ ಒಡೆದರೆ ಅದರ ಇಡೀ ನೀರು ಒಂದೇ ಸಲ ಕೆಳಗಿನ ಕೆರೆಗೆ ಬಂದು ಅದನ್ನೂ ಒಡೆಯುತ್ತದೆ. ಮಳೆ ನಿಂತ ಮೇಲೂ ನೆರೆ ಬರುವುದು, ಮಳೆಯೇ ಬೀಳದ ಊರಿಗೂ ನೆರೆ ಬರುವುದು ಹೀಗೆ.

ಈಚಿನ ವರ್ಷಗಳಲ್ಲಿ ಇನ್ನೊಂದು ಬದಲಾವಣೆ ಆಗಿದೆ, ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುತ್ತಿಲ್ಲ. ಚನ್ನಪಟ್ಟಣ ತಾಲ್ಲೂಕಿನಲ್ಲಿ ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ಕೆರೆಗಳನ್ನು ತುಂಬಿಸಲಾಗುತ್ತಿದೆ. ಬತ್ತಿದ್ದ ಕೆರೆಗಳಿಗೆ ಜೀವ ಬಂತು, ತೆಂಗು, ಹಿಪ್ಪುನೇರಳೆ ತೋಟಗಳ ಕೊಳವೆಬಾವಿಗಳಲ್ಲಿ ನೀರು ಕಂಡಿತು. ಒಳ್ಳೆಯ ಕೆಲಸ, ಅದರಲ್ಲಿ ಅನುಮಾನವಿಲ್ಲ. ಆದರೆ ಸೆಪ್ಟೆಂಬರಿನ ದೊಡ್ಡ ಮಳೆಗೆ ಮೊದಲೇ ಕೆರೆ ಕೋಡಿಮಟ್ಟಕ್ಕೆ ತುಂಬಿ ನಿಂತಿದ್ದರೆ ನೆರೆ ತಡೆಯುವ ಅದರ ಶಕ್ತಿ ಮುಗಿದಂತೆ. ಹಿಂದೆ ಬೇಸಿಗೆಯಲ್ಲಿ ತಾನಾಗಿ ಖಾಲಿಯಾಗುತ್ತಿದ್ದ ಕೆರೆ ಕೊಡುತ್ತಿದ್ದ ರಕ್ಷಣೆ ಈಗ ಇಲ್ಲ. ಎಷ್ಟು ತುಂಬಿಸಬೇಕು, ಆಗಸ್ಟ್‌ನಲ್ಲಿ ಎಷ್ಟು ಅಡಿ ಖಾಲಿ ಬಿಡಬೇಕು ಎಂಬುದನ್ನು ಪಂಪು ನಡೆಸುವವರು ಮಳೆಯ ಮುನ್ಸೂಚನೆ ನೋಡಿ ತೀರ್ಮಾನಿಸಬೇಕಾದ ಕಾಲ ಬಂದಿದೆ.

ನೀರಿನ ದಾರಿಯೂ ತಾಲ್ಲೂಕಿನ ಗಡಿ ನೋಡುವುದಿಲ್ಲ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳನ್ನು ದಾಟಿ, ರಾಮನಗರ ಪಟ್ಟಣವನ್ನು ಹಾದು, ಕನಕಪುರದ ಕಡೆ ಇಳಿದು ಹಾರೋಬೆಲೆ ಅಣೆಕಟ್ಟಿಗೆ ಸೇರಿ, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಆದ್ದರಿಂದ ಮಾಗಡಿಯಲ್ಲಿ ಬಿದ್ದ ಮಳೆ ರಾಮನಗರಕ್ಕೆ ಸುದ್ದಿ. ಬೆಂಗಳೂರಿನ ಪಶ್ಚಿಮ ಭಾಗದ ಕಾಂಕ್ರೀಟಿನ ಮೇಲೆ ಬಿದ್ದದ್ದು ವೃಷಭಾವತಿಯಲ್ಲಿ ಇಳಿದು ಬೈರಮಂಗಲದ ಕೆರೆ ದಾಟಿ ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಗೆ ಬೀಳುತ್ತದೆ. ರಾಜಧಾನಿ ಒಂದೊಂದು ಬಡಾವಣೆ ಬೆಳೆದಾಗಲೂ ಆ ನೀರಿನ ಮೊತ್ತವೂ ವೇಗವೂ ಹೆಚ್ಚುತ್ತವೆ. ಕೆಂಗೇರಿಯಲ್ಲಿ ಮೋಡ ಒಡೆದರೆ ಹಾರೋಹಳ್ಳಿಯವರು ಎದ್ದು ಕೂರಬೇಕು. ಚನ್ನಪಟ್ಟಣದ ಕಡೆಯ ಶಿಂಷೆಯಲ್ಲಿ ನೀರು ಏರುವುದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿದಾಗ. ಅಲ್ಲಿಯ ಸೈಫನ್ ಕೋಡಿಗೆ ಗೇಟು ಎತ್ತುವವರ ಅಪ್ಪಣೆ ಬೇಕಿಲ್ಲ, ನೀರು ನಿಗದಿತ ಮಟ್ಟ ಮುಟ್ಟಿದೊಡನೆ ತಾನೇ ಹರಿಯತೊಡಗುತ್ತದೆ. ಕಣ್ವ ನದಿಯ ಮೇಲೆ 1946ರಲ್ಲಿ ಕಟ್ಟಿದ ಜಲಾಶಯದ ಕೆಳಗಿನ ಊರುಗಳಿಗೂ ಇದೇ ಮಾತು. ಸಂಗಮದ ಹೊಳೆಯಲ್ಲಿ ಭಾನುವಾರ ಇಳಿಯುವ ಬೆಂಗಳೂರಿನ ಯುವಕರು ಅಲ್ಲಿ ಆಕಾಶ ತಿಳಿಯಾಗಿರುವುದನ್ನು ನೋಡುತ್ತಾರೆ. ನೀರು ಏರಿಸುವ ಮಳೆ ಅರವತ್ತು, ಎಪ್ಪತ್ತು ಕಿಲೋಮೀಟರ್ ಹಿಂದೆ ಬಿದ್ದಿರುತ್ತದೆ.

ಕೇಂದ್ರ ಜಲ ಆಯೋಗ 1958ರಲ್ಲಿ ದೆಹಲಿಯ ಯಮುನೆಯಲ್ಲಿ ನೆರೆ ಮುನ್ಸೂಚನೆ ಆರಂಭಿಸಿದಾಗಿನಿಂದ ದೊಡ್ಡ ನದಿ, ದೊಡ್ಡ ಜಲಾಶಯಗಳೇ ಅದರ ಗಮನದಲ್ಲಿವೆ. ಅರ್ಕಾವತಿಯಲ್ಲಿ ಕನಕಪುರ ತಾಲ್ಲೂಕಿನ ಟಿ. ಬೇಕುಪ್ಪೆಯಲ್ಲಿ ಆಯೋಗದ ನೀರಿನ ಮಟ್ಟ ಅಳೆಯುವ ಠಾಣೆ ಇದೆ. ಅದು ಇರುವುದು ನದಿಯ ಕೆಳಭಾಗದಲ್ಲಿ. ಅಲ್ಲಿ ನೀರು ಏರಿದ್ದು ಕಾಣುವ ಹೊತ್ತಿಗೆ ರಾಮನಗರದ ರಸ್ತೆ ಮುಳುಗಿ ಆಗಿರುತ್ತದೆ. ಸಣ್ಣ ಹಳ್ಳ, ಸಣ್ಣ ಕೆರೆಗಳನ್ನು ಕಾಯುವವರು ಯಾರು? ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್‌ರಾಜ್ ಸಂಸ್ಥೆಗಳ ಕೈಯಲ್ಲಿ, ಅದಕ್ಕೂ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ, ಹೆದ್ದಾರಿಯ ಮೋರಿ ಹೆದ್ದಾರಿ ಪ್ರಾಧಿಕಾರಕ್ಕೆ, ಪಟ್ಟಣದ ಚರಂಡಿ ನಗರಸಭೆಗೆ. ಒಂದೇ ನೀರು ನಾಲ್ಕು ಕಚೇರಿ ದಾಟಿ ಹರಿಯುತ್ತದೆ. ಹಿಂದೆ ಊರೂರಿಗೆ ನೀರುಗಂಟಿ ಇದ್ದ. ಮಳೆ ಜೋರಾದ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ನಡೆದು, ಕೋಡಿ ನೋಡಿ, ಬೇಕಾದರೆ ತೂಬು ಎತ್ತಿ, ಕೆಳಗಿನ ಊರಿಗೆ ಆಳು ಕಳಿಸುವುದು ಅವನ ಕೆಲಸ. ಮುನ್ಸೂಚನೆಯ ಕೊನೆಯ ಕೊಂಡಿ ಅವನಾಗಿದ್ದ. ಆ ಕೊಂಡಿಯನ್ನು ಕಳಚಿ, ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ.

ನೀರಿನ ದಾರಿ ಕಟ್ಟಿದರೆ ದೊಡ್ಡ ಮಳೆಯೇ ಬೇಕಿಲ್ಲ ಎಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. ಬೆಂಗಳೂರು–ಮೈಸೂರು ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಪ್ರಧಾನಿ ನರೇಂದ್ರ ಮೋದಿ 2023ರ ಮಾರ್ಚ್ 12ರಂದು ಉದ್ಘಾಟಿಸಿದರು. ಅದೇ ವಾರ, 17ರ ರಾತ್ರಿಯ ಬೇಸಿಗೆ ಮಳೆಗೆ ಸಂಗಬಸವನದೊಡ್ಡಿಯ ಬಳಿ ರಸ್ತೆಯಲ್ಲಿ ನೀರು ನಿಂತು ವಾಹನಗಳು ಕೆಟ್ಟು ನಿಂತವು. ಹೊಲಕ್ಕೆ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದೇ ಕಾರಣ ಎಂದು ಪ್ರಾಧಿಕಾರ ಹೇಳಿತು. ಹೊಲಕ್ಕೆ ಹೋಗುವ ದಾರಿ ಕಳೆದುಕೊಂಡ ರೈತ ಬೇರೇನು ಮಾಡಬೇಕಿತ್ತು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಎತ್ತರಿಸಿ ಕಟ್ಟಿದ ರಸ್ತೆ ನೀರಿನ ಪಾಲಿಗೆ ಒಂದು ಹೊಸ ಏರಿ. ಅದರ ಪ್ರತಿ ಮೋರಿಯೂ ಒಂದು ತೂಬು. ಮೋರಿಗಳ ಲೆಕ್ಕವಿಲ್ಲದ ನೆರೆ ಮುನ್ಸೂಚನೆ ಇನ್ನು ಮುಂದೆ ಈ ಜಿಲ್ಲೆಯಲ್ಲಿ ಪೂರ್ಣವಾಗದು.

ನೆರೆ ವರ್ಷಕ್ಕೊಮ್ಮೆಯೋ ಐದು ವರ್ಷಕ್ಕೊಮ್ಮೆಯೋ ಬರುವಂಥದ್ದು. ದಿನದ ಮಳೆಯ ಮುನ್ಸೂಚನೆ ದಿನವೂ ಬೇಕು. ರೇಷ್ಮೆ ಹುಳುವಿಗೆ ಒದ್ದೆ ಸೊಪ್ಪು ಹಾಕುವಂತಿಲ್ಲ, ಸಂಜೆ ಮಳೆಯಿದೆ ಎಂದು ಗೊತ್ತಾದರೆ ಬೆಳಿಗ್ಗೆಯೇ ಸೊಪ್ಪು ಕೊಯ್ದಿಟ್ಟುಕೊಳ್ಳಬಹುದು. 2021ರ ನವೆಂಬರ್‌ನಲ್ಲಿ ಬಿಡದೆ ಹಿಡಿದ ಮಳೆಗೆ ದಕ್ಷಿಣ ಕರ್ನಾಟಕದ ರಾಗಿ ಹೊಲದಲ್ಲೇ ಮೊಳಕೆಯೊಡೆದದ್ದನ್ನು ರೈತರು ಮರೆತಿಲ್ಲ. ಮುನ್ಸೂಚನೆಯನ್ನು ದಿನವೂ ಬಳಸುವ ಜನರಿಗೆ ಅದರ ಬಲ, ಮಿತಿ ಎರಡೂ ತಿಳಿದಿರುತ್ತವೆ. ಅಂಥವರು ಕೆಂಪು ಬಣ್ಣ ಬಂದ ರಾತ್ರಿ ಅದನ್ನು ನಂಬುತ್ತಾರೆ. ಎಷ್ಟು ಸಲ ಹೇಳಿದ ಮಳೆ ಬಂತು, ಎಷ್ಟು ಸಲ ತಪ್ಪಿತು, ಹೇಳದೆ ಎಷ್ಟು ಸಲ ಬಂತು ಎಂಬ ಲೆಕ್ಕವನ್ನು ಜಿಲ್ಲೆವಾರು ಕನ್ನಡದಲ್ಲಿ ಪ್ರತಿ ಹಂಗಾಮಿನ ಕೊನೆಗೆ ಪ್ರಕಟಿಸಿದರೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಆಗಬೇಕಾದ ಕೆಲಸ ದೊಡ್ಡ ಹಣದ್ದಲ್ಲ. ಪ್ರತಿ ಕೆರೆಯ ತೂಬಿನ ಬಳಿ ಅಡಿ ಗುರುತು ಮಾಡಿದ ಒಂದು ಕಲ್ಲು, ದಿನವೂ ಬೆಳಿಗ್ಗೆ ಅದನ್ನು ನೋಡಿ ಪಂಚಾಯಿತಿಗೆ ತಿಳಿಸುವ ಒಬ್ಬ ಸಂಬಳದ ನೀರುಗಂಟಿ, ಆ ಮಟ್ಟವನ್ನು ಹದಿನೈದು ನಿಮಿಷದ ಮಳೆ ಅಂಕಿಯೊಂದಿಗೆ ಕೂಡಿಸಿ ನೋಡುವ ಒಂದು ಜಿಲ್ಲಾ ಕೊಠಡಿ. ಇಷ್ಟಿದ್ದರೆ ಮಾಗಡಿಯಲ್ಲಿ ಗಂಟೆಗೆ 50 ಮಿ.ಮೀ. ಬಿದ್ದ ಕೂಡಲೇ ರಾಮನಗರದ ಯಾವ ಬಡಾವಣೆಗೆ ಫೋನು ಹೋಗಬೇಕು ಎಂದು ಮೊದಲೇ ಬರೆದಿಡಬಹುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ಆಯ್ದ ಪ್ರದೇಶದ ಮೊಬೈಲ್‌ಗಳಿಗೆ ಎಚ್ಚರಿಕೆ ಕಳಿಸಬಲ್ಲದು. ಕಳಿಸಲು ಖಚಿತವಾದ ಮಾತು ಬೇಕು, ಆ ಮಾತು ಕೆರೆಯಿಂದ ಬರಬೇಕು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ರಸ್ತೆಯ ಮೇಲೆ ಒಂದು ಅಡಿ ನೀರು ಹರಿಯುತ್ತಿದ್ದರೂ ಸಣ್ಣ ಕಾರು ತೇಲಬಲ್ಲದು, ರಾತ್ರಿ ಹೊತ್ತು ಕೆಳಸೇತುವೆಯ ನೀರಿಗೆ ಗಾಡಿ ಇಳಿಸಬೇಡಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ನಮ್ಮ ಕೆರೆಗೆ ಮೇಲಿನ ಕೆರೆ ಯಾವುದು, ಅದರ ಕೋಡಿ ತೆರೆದಿದೆಯೇ, ಅದು ಉಕ್ಕಿದ ರಾತ್ರಿ ನಮಗೆ ಫೋನು ಮಾಡುವವರು ಯಾರು? ಉತ್ತರ ಸಿಗುವವರೆಗೂ ಕೂರಬೇಡಿ.